ಪಲ್ಸ್ ಹೊಡೆದ ಚೊಂಬು

ನಾನು ನಿವೃತ್ತಳಾಗಲು ಇನ್ನು ಒಂದೇ ವರ್ಷ ಉಳಿದಿದ್ದಾಗ ನಡೆದ ಸಂಗತಿ ಇದು. ಆಗ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿ. ಲೋಹಗಳ ಮೇಲೆ ಎಕ್ಸ್‌ರೇ ಹಾಯಿಸಿ ಅವುಗಳೊಳಗೆ ಎಲೆಕ್ಟ್ರಾನುಗಳು ಹೇಗೆ ಕೂತಿವೆ ಎಂದು ತಿಳಿಯುವುದು ನನ್ನ ಕಸುಬು. ಯಾರಿಗೂ ಕೆಡುಕಿಲ್ಲದ, ಯಾರಿಗೂ ತಕ್ಷಣದ ಲಾಭವೂ ಇಲ್ಲದ ಶಾಂತವಾದ ಕೆಲಸ. ಇಂಥ ಕೆಲಸದಿಂದ ನನ್ನ ಸ್ವಂತ ಭಾವನ ಕಾಲಿಗೆ ಕುತ್ತು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಂತು. ನೆನೆದರೆ ಈಗಲೂ ಮೈ ಉರಿಯುತ್ತದೆ. ಬರೆಯುತ್ತ ಬರೆಯುತ್ತ ನನ್ನ ದನಿ ಏರಿದರೆ ಓದುಗರು ಸಹಿಸಿಕೊಳ್ಳಬೇಕು.

ಮೊದಲು ಪ್ರಯೋಗದ ವಿಷಯ ಹೇಳಿಬಿಡುತ್ತೇನೆ. ಹೊರದೇಶಗಳಲ್ಲಿ ಉದ್ದನೆಯ ಸುರಂಗದೊಳಗೆ ಕೂರಿಸಿದ ಎಕ್ಸ್‌ರೇ ಲೇಸರ್ ಯಂತ್ರಗಳಿವೆ. ಅವು ಎಕ್ಸ್‌ರೇಯನ್ನು ಆಸ್ಪತ್ರೆಯ ಯಂತ್ರದ ಹಾಗೆ ಸುರಿಸುವುದಿಲ್ಲ, ಬಿಡಿಬಿಡಿ ಹೊಡೆತಗಳಾಗಿ ಕೊಡುತ್ತವೆ. ಅಂಥ ಒಂದು ಹೊಡೆತಕ್ಕೆ ನಾವು ಪಲ್ಸ್ ಎನ್ನುತ್ತೇವೆ. ಅದರ ಅವಧಿಯನ್ನು ಅಳೆಯುವುದು ಫೆಮ್ಟೊಸೆಕೆಂಡಿನಲ್ಲಿ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಸಾವಿರ ಪಾಲು ಮಾಡಿ, ಹೀಗೆ ಒಟ್ಟು ಐದು ಸಲ ಮಾಡಿದರೆ ಕೊನೆಗೆ ಉಳಿಯುವ ಚೂರೇ ಫೆಮ್ಟೊಸೆಕೆಂಡು. ಅಂಥ ಕೆಲವು ಚೂರುಗಳಷ್ಟು ಹೊತ್ತಿನಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯ ಮೇಲೆ ಅಪಾರ ಶಕ್ತಿ ಬಂದು ಬೀಳುತ್ತದೆ.

ಆಗ ತಾಮ್ರಕ್ಕೆ ಏನಾಗುತ್ತದೆ? ನಮ್ಮ ಕಡೆಯ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತ ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ಪರಮಾಣುವಿನ ಎಲೆಕ್ಟ್ರಾನುಗಳಿಗೂ ಸೀಟುಗಳಿವೆ. ಒಳಗಿನವರು ಭದ್ರವಾಗಿ ಕೂತವರು, ಹೊರಗಿನವರು ಬಾಗಿಲಲ್ಲಿ ನೇತಾಡುವವರು. ಪಲ್ಸ್ ಬಂದದ್ದೇ ಒಳಗೆ ಕೂತವನನ್ನು ಕಿತ್ತು ಆಚೆಗೆ ಎಸೆಯುತ್ತದೆ. ಖಾಲಿಯಾದ ಸೀಟಿಗೆ ಮಿಕ್ಕವರು ನುಗ್ಗುತ್ತಾರೆ, ತಳ್ಳಾಟ ಶುರುವಾಗುತ್ತದೆ, ಸೀಟುಗಳೇ ಅಲುಗಿ ಜಾಗ ಬದಲಿಸುತ್ತವೆ. ಎಲೆಕ್ಟ್ರಾನಿಕ್ ರಚನೆ ಬದಲಾಯಿತು ಎನ್ನುವುದು ಇದಕ್ಕೇ. ಪಲ್ಸ್‌ನ ಬಾಲ ಬಂದು ತಾಕುವಷ್ಟರಲ್ಲಿ ಅದರ ತಲೆ ಆ ತಾಮ್ರವನ್ನು ಬದಲಿಸಿಯಾಗಿರುತ್ತದೆ. ಮಾಮೂಲಿ ತಾಮ್ರ ಹೀರುವ ಎಕ್ಸ್‌ರೇಯನ್ನು ಅದು ಹೀರುವುದಿಲ್ಲ, ಬಿಡಬೇಕಾದದ್ದನ್ನು ಹೀರುತ್ತದೆ. ಆಮೇಲೆ? ಹೊಡೆತ ಸಣ್ಣದಾಗಿದ್ದರೆ ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಎಲ್ಲರೂ ತಂತಮ್ಮ ಸೀಟಿಗೆ ವಾಪಸ್. ಹೊಡೆತ ಜೋರಾಗಿದ್ದರೆ ಬಸ್ಸೇ ಉಳಿಯುವುದಿಲ್ಲ. ಆ ಜಾಗದಲ್ಲಿ ತೂತು ಬಿದ್ದಿರುತ್ತದೆ. ನಾವು ತಾಮ್ರದ ತೆಳು ಹಾಳೆಗಳನ್ನು ಜೋಪಾನವಾಗಿ ಒಯ್ದು, ಜಾಲರಿಯ ಹಾಗೆ ಸಾಲುಸಾಲು ತೂತು ಬಿದ್ದ ಹಾಳೆಗಳನ್ನು ವಾಪಸ್ ತರುತ್ತಿದ್ದೆವು.

ನಮ್ಮ ಪ್ರಬಂಧ ಪ್ರಕಟವಾದಾಗ ಸಂಸ್ಥೆಯ ಪ್ರಚಾರ ವಿಭಾಗದವರು ಪತ್ರಿಕೆಗಳಿಗೆ ಕೊಡಲು ಕನ್ನಡದಲ್ಲಿ ನಾಲ್ಕು ಸಾಲು ಕೇಳಿದರು. ನಾನು ಹೀಗೆ ಬರೆದುಕೊಟ್ಟೆ: “ತೀವ್ರವಾದ ಎಕ್ಸ್‌ರೇ ಪಲ್ಸ್ ತಾಮ್ರದ ಎಲೆಕ್ಟ್ರಾನಿಕ್ ರಚನೆಯನ್ನೇ ಬದಲಿಸುತ್ತದೆ. ಆದರೆ ಈ ಬದಲಾವಣೆ ಕ್ಷಣದ ಕೋಟಿ ಪಾಲಿಗಿಂತಲೂ ಕಡಿಮೆ ಹೊತ್ತಿನದು. ಆಮೇಲೆ ತಾಮ್ರ ಮೊದಲಿನಂತಾಗುತ್ತದೆ, ಇಲ್ಲವೇ ನಾಶವಾಗುತ್ತದೆ.” ಅಚ್ಚಾದದ್ದು ಮೊದಲ ವಾಕ್ಯ ಮಾತ್ರ. ಪಕ್ಕದಲ್ಲಿ ನನ್ನ ನಗುಮುಖದ ಫೋಟೋ. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. “ಮೇಡಂ, ಅದೆಲ್ಲ ಜನಕ್ಕೆ ಅರ್ಥ ಆಗಲ್ಲ. ಜಾಗಾನೂ ಇರ್ಲಿಲ್ಲ” ಎಂದ ಆ ವಿಭಾಗದ ಅಧಿಕಾರಿ. ಜನಕ್ಕೆ ಅರ್ಥವಾಗುವುದಿಲ್ಲ ಎಂದು ತೀರ್ಪು ಕೊಡಲು ಇವನ್ಯಾರು? ತಿದ್ದುಪಡಿ ಹಾಕಿಸಿ ಎಂದು ಬರೆದುಕೊಟ್ಟೆ. ಇವತ್ತಿನವರೆಗೂ ಹಾಕಿಸುತ್ತಲೇ ಇದ್ದಾರೆ.

ಅದಾಗಿ ಕೆಲವು ತಿಂಗಳಿಗೆ ಅಜ್ಜಂಪುರಕ್ಕೆ ಹೋದೆ. ಅಲ್ಲಿ ನಮ್ಮ ಗಿರಿಜಕ್ಕನ ಮನೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಹತ್ತಿರದ ಬುಕ್ಕಾಂಬುಧಿಯಲ್ಲಿ. ಅಕ್ಕನ ಗಂಡ ಓಂಕಾರಪ್ಪನವರದು ಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುವ ಕೆಲಸ. ನಾನು ಎಂ.ಎಸ್ಸಿ.ಗೆ ಹೊರಟಾಗ ನನ್ನ ಟ್ರಂಕು ಹೊತ್ತು ಕಡೂರಿನ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದ್ದು ಈ ಭಾವನೇ. ಹೆಣ್ಣು ಹುಡುಗಿ ಅಷ್ಟು ಓದಿ ಏನು ಮಾಡಬೇಕು ಎಂದು ಕೊಂಕು ತೆಗೆದ ನೆಂಟರಿಗೆ “ಓದೋಳು ಅವ್ಳು, ಸಂಕಟ ನಿಮಗ್ಯಾಕ್ರೀ?” ಎಂದು ಬಾಯಿ ಮುಚ್ಚಿಸಿದ್ದೂ ಅವರೇ. ನನ್ನ ವಿಷಯ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದರು.

ಆ ಸಲ ಜಗಲಿಯ ಮೇಲೆ ಕೂತಿದ್ದ ಭಾವನ ಎಡಗಾಲಿನ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

“ಏನು ಭಾವ, ಕಾಲಿಗೇನಾಯ್ತು?”

“ಏನಿಲ್ಲ ಕಣಮ್ಮ, ಮೋಟರ್ ಕವರ್ ಬಿತ್ತು. ಸಣ್ಣ ಗಾಯ. ಹೆಂಗೂ ನೀರು ಕುಡೀತಿದೀನಲ್ಲ, ಮಾಯ್ತದೆ.”

“ನೀರು ಕುಡಿದ್ರೆ ಗಾಯ ಮಾಯುತ್ತಾ?”

ಭಾವ ಜೋರಾಗಿ ನಕ್ಕರು. “ನೋಡಿದ್ಯಾ ಗಿರಿಜಾ, ತಾನೇ ಕಂಡ್ಹಿಡಿದು ಈಗ ನನ್ನೇ ಕೇಳ್ತಾವ್ಳೆ!”

ಒಳಗಿಂದ ಒಂದು ನುಣುಪಾದ ಬಣ್ಣದ ಕರಪತ್ರ ತಂದು ನನ್ನ ಕೈಗಿತ್ತರು. ಅದರಲ್ಲಿ ನನ್ನ ಫೋಟೋ. ಕೆಳಗೆ ನನ್ನ ಹೆಸರು, ಹುದ್ದೆ, ಆ ಅರ್ಧ ಮಾತು. ಅದರಡಿಯಲ್ಲಿ ಹೊಳೆಯುವ ತಾಮ್ರದ ಚೊಂಬಿನ ಚಿತ್ರ. ಎಕ್ಸ್‌ರೇ ಪಲ್ಸ್ ಹೊಡೆದು ಎಲೆಕ್ಟ್ರಾನಿಕ್ ರಚನೆ ಬದಲಿಸಿದ ತಾಮ್ರವಂತೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಎಲ್ಲ ಹೋಗುತ್ತದಂತೆ. ಭಾವನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು.

“ಮಾತ್ರೆ ತಗೋತಿದೀರಾ ಭಾವ?”

“ಬಿಟ್ಟು ನಾಕು ತಿಂಗಳಾಯ್ತು. ಮಾತ್ರೆ ನುಂಗಿದ್ರೆ ಪಲ್ಸ್ ಪವರ್ ಹಿಡಿಯಲ್ವಂತೆ. ನಂಗೇನೂ ತೊಂದ್ರೆ ಇಲ್ಲ. ಮೈ ಹಗುರಾಯ್ತು, ನಿದ್ದೆ ಚೆನ್ನಾಗಿ ಬತ್ತದೆ.”

ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಕೂಗಾಡಿದೆನೋ ಈಗ ಪೂರ್ತಿ ನೆನಪಿಲ್ಲ. ಇದು ಮೋಸ, ಮೂರು ಕಾಸಿನ ಮೋಸ, ನನ್ನ ಹೆಸರು ಕದ್ದಿದ್ದಾರೆ ಎಂದೆ. ಭಾವ ಜಗ್ಗಲಿಲ್ಲ. ಕೊನೆಗೆ ಅವರ ಕಸುಬಿನ ಮಾತಿಗೇ ಬಂದೆ.

“ದಿನಾ ತಾಮ್ರದ ಜೊತೆ ಇರೋರು ನೀವು. ಸ್ವಿಚ್ ಆಫ್ ಮಾಡಿದ್ಮೇಲೆ ವೈಂಡಿಂಗ್‌ನಲ್ಲಿ ಕರೆಂಟ್ ಉಳಿಯುತ್ತಾ ಭಾವ?”

“ಅದ್ಹೆಂಗೆ ಉಳೀತದೆ?”

“ಇದೂ ಹಾಗೇ. ಹೊಡೆದಾಗ ಬದಲಾಗುತ್ತೆ, ತಕ್ಷಣ ವಾಪಸ್ ಬರುತ್ತೆ.”

“ಕರೆಂಟೇ ಬೇರೆ, ಪಲ್ಸೇ ಬೇರೆ. ಬದಲಾಗ್ತದೆ ಅಂತ ನೀನೇ ಹೇಳಿದೀಯ. ವಾಪಸ್ ಬತ್ತದೆ ಅಂತ ಎಲ್ಲಿ ಹೇಳಿದೀಯ, ತೋರ್ಸು ನೋಡಣ.”

ಎಲ್ಲಿಂದ ತೋರಿಸಲಿ? ಆ ಸಾಲನ್ನು ಜನಕ್ಕೆ ಅರ್ಥವಾಗುವುದಿಲ್ಲ ಎಂದು ಕಿತ್ತುಹಾಕಿದ್ದರಲ್ಲ. ಭಾವ ದನಿ ತಗ್ಗಿಸಿದರು. “ನಂಗೆ ಗೊತ್ತು ಕಣಮ್ಮ ಸುಮಿತ್ರಾ. ಮಾತ್ರೆ ಕಂಪನಿಯೋರು ಬಿಟ್ಟಾರಾ? ನಿಮ್ಮ ಮೇಡಂ ಹೊರಗೆ ಒಪ್ಪಲ್ಲ, ಅವರ ಮೇಲೆ ಒತ್ತಡ ಅದೆ ಅಂತ ಚೊಂಬು ಮಾರಿದ ಆವಯ್ಯ ಮೊದ್ಲೇ ಹೇಳಿದ್ದ. ನೀನು ಹೆದರ್ಬೇಡ, ನಾನ್ಯಾರಿಗೂ ಹೇಳಲ್ಲ.”

ನನಗೆ ಸಿಟ್ಟು ನೆತ್ತಿಗೇರಿದ್ದು ಆಗಲೇ. ಆ ಮಾರಾಟದವನು ನನ್ನ ಫೋಟೋ ಕದ್ದದ್ದು ಸಾಲದೆ, ನಾನು ಮುಂದೆ ಆಡಬಹುದಾದ ಮಾತಿಗೂ ಮೊದಲೇ ಬೀಗ ಹಾಕಿಟ್ಟಿದ್ದ. ಸುಳ್ಳು ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಿದರೆ ಭಾವ ಅಷ್ಟು ಗಟ್ಟಿಯಾಗಿ ನಂಬುತ್ತಿದ್ದರು. ನಮ್ಮ ನಾದಿನಿ ಕಂಡುಹಿಡಿದದ್ದು ಎಂದು ಅವರು ಹೇಳಿದ ಮಾತಿಗೆ ಬೀದಿಯ ಎಷ್ಟೋ ಮನೆಯವರು ಚೊಂಬು ಕೊಂಡಿದ್ದರು. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ಅಂಗಲಾಚಿದೆ. ಬರಲಿಲ್ಲ. ಬಟ್ಟೆ ಬಿಚ್ಚಿ ಗಾಯ ತೋರಿಸಿ ಎಂದರೂ ತೋರಿಸಲಿಲ್ಲ.

ಆ ಭಾನುವಾರವೇ ಕಡೂರಿನ ಒಂದು ಕಲ್ಯಾಣಮಂಟಪದಲ್ಲಿ ಚೊಂಬಿನವರ ಸಭೆಯಿತ್ತು. ಹೋದೆ. ಬಾಗಿಲಲ್ಲೇ ಆಳೆತ್ತರದ ಬ್ಯಾನರಿನಲ್ಲಿ ನಾನೇ ನಗುತ್ತ ನಿಂತಿದ್ದೆ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ. ಬಹುಪಾಲು ವಯಸ್ಸಾದವರು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವರು. ವೇದಿಕೆಯ ಮೇಲೆ ಕೋಟು ಹಾಕಿದವನೊಬ್ಬ ಮೈಕು ಹಿಡಿದು ಎಲೆಕ್ಟ್ರಾನು, ಕ್ವಾಂಟಮ್ಮು, ಎನರ್ಜಿ ಎಂದು ತಲೆಬುಡವಿಲ್ಲದೆ ಹರಟುತ್ತಿದ್ದ. ನಾನು ಎದ್ದು ನಿಂತು “ಆ ಫೋಟೋದಲ್ಲಿರೋಳು ನಾನು. ನೀವು ಹೇಳ್ತಿರೋದು ಸುಳ್ಳು” ಎಂದೆ.

ಅವನು ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಬೆಚ್ಚುವುದಿರಲಿ, ಆಸಾಮಿ ಎರಡೂ ಕೈ ಮುಗಿದುಕೊಂಡು ಕೆಳಗಿಳಿದು ಬಂದ. “ನಮ್ಮ ಪುಣ್ಯ! ಮೇಡಂ ಅವರೇ ಬಂದಿದ್ದಾರೆ! ಶಾಲು ತನ್ರೀ, ಹಣ್ಣಿನ ತಟ್ಟೆ ತನ್ರೀ!” ಬೇಡ ಬೇಡ ಎನ್ನುತ್ತಿದ್ದಂತೆಯೇ ಹೆಗಲ ಮೇಲೆ ಶಾಲು ಬಿತ್ತು. ಜನ ಚಪ್ಪಾಳೆ ಹೊಡೆದರು. ನಮ್ಮ ಕಡೆ ಶಾಲು ಹೊದಿಸಿದ ಮೇಲೆ ಮನುಷ್ಯ ಒಳ್ಳೆಯ ಮಾತನ್ನೇ ಆಡಬೇಕು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಒಂದೇ ಪ್ರಶ್ನೆ ಮೇಡಂ. ಎಕ್ಸ್‌ರೇ ಪಲ್ಸ್ ತಾಮ್ರದ ಎಲೆಕ್ಟ್ರಾನಿಕ್ ರಚನೆಯನ್ನ ಬದಲಾಯಿಸುತ್ತೆ. ಹೌದೋ, ಅಲ್ವೋ?” ಎಂದು ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದ.

ಅಲ್ಲ ಎನ್ನಲೇ? ಬದುಕಿಡೀ ಮಾಡಿದ ಕೆಲಸವನ್ನು ಒಬ್ಬ ಕಳ್ಳನ ಮುಂದೆ ಅಲ್ಲ ಎಂದು ಹೇಳಲೇ?

“ಹೌದು. ಆದರೆ...”

ಮೈಕು ಆಗಲೇ ವಾಪಸ್ ಹೋಗಿತ್ತು. ಚಪ್ಪಾಳೆಯೋ ಚಪ್ಪಾಳೆ. ನಾನು ಮೈಕಿಲ್ಲದೆಯೇ ಗಂಟಲು ಹರಿಯುವ ಹಾಗೆ ಕಿರುಚಿದೆ. “ಜೋರಾಗಿ ಹೊಡೆದ್ರೆ ತಾಮ್ರ ಸುಟ್ಟು ಗುಳಿ ಬೀಳುತ್ತೆ! ಮೆಲ್ಲಗೆ ಹೊಡೆದ್ರೆ ಹೊಡೆದದ್ದೇ ಗೊತ್ತಾಗದ ಹಾಗೆ ವಾಪಸ್ ಬರುತ್ತೆ! ನಿಮ್ಮ ಚೊಂಬಿನ ಮೇಲೆ ಒಂದು ಗೀರೂ ಇಲ್ಲ, ಅದಕ್ಕೆ ಯಾವ ಪಲ್ಸೂ ಬಿದ್ದಿಲ್ಲ ಕಣ್ರೀ!” ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ “ಪಾಪ, ಆಯಮ್ಮಂಗೆ ಮೇಲಿಂದ ಒತ್ತಡ ಅದಂತೆ” ಎಂದದ್ದು ನನ್ನ ಕಿವಿಗೇ ಬಿತ್ತು. ಶಾಲನ್ನು ಕುರ್ಚಿಯ ಮೇಲೆ ಬಿಸಾಕಿ ಹೊರಗೆ ಬಂದೆ.

ಮಾರನೆಯ ದಿನ ಪೊಲೀಸ್ ಠಾಣೆಗೆ ದೂರು ಕೊಡಲು ಹೋದೆ. ದೂರು ಬರೆದುಕೊಳ್ಳುವವರು ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದ್ರಲ್ಲಿ ನಿಮ್ಮ ಹೆಸರಲ್ಲಿ ಬರ್ದಿರೋದು ಸುಳ್ಳಾ ಮೇಡಂ?” “ಸುಳ್ಳಲ್ಲ, ಅರ್ಧ.” “ಚೊಂಬು ತಾಮ್ರದ್ದೇ ತಾನೇ?” “ತಾಮ್ರದ್ದೇ.” “ಮತ್ತೆ ಮೋಸ ಎಲ್ಲಾಯ್ತು?” ಕಾಯಿಲೆ ವಾಸಿ ಮಾಡುತ್ತೇವೆಂದು ಹೀಗೆ ಜಾಹೀರಾತು ಮಾಡುವುದೇ ತಪ್ಪು ಎಂದು ಬಹಳ ಹೊತ್ತು ವಾದಿಸಿದ ಮೇಲೆ, ಮಾರಿದ ಚೊಂಬನ್ನು ತಂದುಕೊಡಿ, ನೋಡೋಣ ಎಂದರು. ನಮ್ಮ ಸಂಸ್ಥೆಗೆ ಹೇಳಿದರೆ, ಅಲ್ಲಿಂದ ಬಂದ ಮಾತು ಒಂದೇ: ಸಂಸ್ಥೆಯ ಹೆಸರನ್ನು ಎಳೆಯಬೇಡಿ. ನನ್ನ ಫೋಟೋ ಊರೂರಲ್ಲಿ ಚೊಂಬು ಮಾರುತ್ತಿರುವಾಗ ಇವರಿಗೆ ತಮ್ಮ ಬೋರ್ಡಿನ ಚಿಂತೆ!

ಚೊಂಬು ತರಲು ಮುಂದಿನ ವಾರ ಮತ್ತೆ ಅಜ್ಜಂಪುರಕ್ಕೆ ಹೋದೆ. ಈ ಸಲ ಲ್ಯಾಬಿನಿಂದ ತೂತು ಬಿದ್ದ ತಾಮ್ರದ ಹಾಳೆಯೊಂದನ್ನೂ ಗಾಜಿನ ಡಬ್ಬಿಯಲ್ಲಿಟ್ಟು ಒಯ್ದಿದ್ದೆ. ಭಾವ ಜ್ವರ ಬಂದು ನಡುಮನೆಯಲ್ಲಿ ಮಲಗಿದ್ದರು. ಬಾಗಿಲಲ್ಲೇ ಮೂಗಿಗೆ ವಾಸನೆ ಬಡಿಯಿತು. ಗಾಯದ ವಾಸನೆ ಎಂದು ಹೇಳಲು ಡಾಕ್ಟರು ಬೇಕಿರಲಿಲ್ಲ.

ಸೀದಾ ಅಡುಗೆಮನೆಗೆ ಹೋಗಿ “ಅಕ್ಕ, ಆ ಚೊಂಬು ಕೊಡು” ಎಂದೆ.

“ಸ್ನಾನ ಆಗಿದ್ಯೇನೇ ನಿಂದು?”

“ಚೊಂಬು ಕೇಳಿದ್ರೆ ಸ್ನಾನ ಯಾಕೆ ಕೇಳ್ತೀಯ?”

“ಆಗಿದ್ರೆ ಹೋಗಿ ತಗೋ. ದೇವರಮನೇಲದೆ.”

ಹೋಗಿ ನೋಡಿದೆ. ದೇವರ ಮುಂದೆ ಅಕ್ಕಿಯ ಮೇಲೆ ಆ ಚೊಂಬು ಕೂತಿತ್ತು. ಮೈಗೆಲ್ಲ ಅರಿಸಿನ ಕುಂಕುಮ, ಬಾಯಿಗೆ ವೀಳ್ಯದೆಲೆ, ಮೇಲೆ ತೆಂ​ಗಿನಕಾಯಿ. ಕಳಶ. ನಾನು ಹಾಗೇ ನಿಂತುಬಿಟ್ಟೆ.

“ಅಕ್ಕ, ಇದು ಇಲ್ಲಿ ಯಾವಾಗಿಂದ ಇದೆ?”

“ತಂದಾಗಿಂದ. ಅವತ್ತು ಶುಕ್ರವಾರ. ಹೊಸ ಪಾತ್ರೆ, ಅದೂ ನಿನ್ನ ಹೆಸರಿಂದು, ಮೊದ್ಲು ದೇವರಿಗಾಗ್ಲಿ ಅಂತ ಕಳಶ ಇಟ್ಟೆ. ಕಳಶ ಇಟ್ಟ ಚೊಂಬನ್ನ ಮತ್ತೆ ತಂದು ಎಂಜಲು ಮಾಡಕ್ಕಾಯ್ತದೇನೇ?”

“ಹಾಗಾದ್ರೆ ಭಾವ ದಿನಾ ಕುಡೀತಿರೋದು ಯಾವುದರಲ್ಲಿ?”

ಅಕ್ಕ ನಡುಮನೆಯ ಕಡೆ ಒಮ್ಮೆ ನೋಡಿ ಪಿಸುಮಾತಿಗೆ ಇಳಿದಳು. “ಅಮ್ಮನ ಚೊಂಬಲ್ಲಿ. ಎರಡೂ ಒಂದೇ ಅಳತೆ, ತಿಕ್ಕಿದ್ರೆ ಒಂದೇ ಹೊಳಪು. ಇವ್ರಿಗೆ ಹೇಳಿದ್ರೆ ರೇಗ್ತಾರೆ ಅಂತ ಸುಮ್ಕಿದ್ದೆ. ಎರಡನ್ನೂ ಒಂದು ಘಳಿಗೆ ದೇವರ ಮುಂದೆ ಜೊತೆಗಿಟ್ಟಿದ್ದೆ ಕಣೇ, ಇದರ ಗುಣ ಅದಕ್ಕೂ ಬಂದಿರ್ತದೆ ಅಂದ್ಕೊಂಡೆ.”

ನನಗೆ ನಗು ಬಂತು. ತಡೆಯಲಾಗದಷ್ಟು ಬಂತು. ನಗುತ್ತ ನಗುತ್ತ ಅಳು ಬಂದು ಅಲ್ಲೇ ನೆಲಕ್ಕೆ ಕೂತೆ. ಗಾಬರಿಯಾದ ಅಕ್ಕ ಅಮ್ಮನ ಚೊಂಬಿನಲ್ಲೇ ನೀರು ತಂದುಕೊಟ್ಟಳು. ಕುಡಿದು ಖಾಲಿ ಮಾಡಿ ಮಗುಚಿ ನೋಡಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆದಿದ್ದರೂ ಓದಲು ಬರುತ್ತಿತ್ತು: ಗೌರಮ್ಮ, ಬುಕ್ಕಾಂಬುಧಿ. ಅದು ನಮ್ಮಮ್ಮನ ಹೆಸರು.

ಎರಡು ಚೊಂಬನ್ನೂ ಭಾವನ ಮುಂದೆ ಇಟ್ಟೆ. ಕಳಶದ್ದನ್ನು ಅರಿಸಿನ ಕುಂಕುಮದ ಸಮೇತ, ಅಮ್ಮನದನ್ನು ಬೋರಲಾಗಿ. ಅಕ್ಕ ಸೆರಗು ಹಿಡಿದು ಗೋಡೆಗೆ ಒರಗಿ ನಿಂತಳು. ಭಾವ ಎದ್ದು ಕೂತು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಕ್ಕನ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಮೈ ಹಗುರಾಗಿದೆ, ನಿದ್ದೆ ಬರುತ್ತದೆ ಎಂದು ಇಡೀ ಪೇಟೆಗೆ ಸಾರಿದ್ದವರು ಆ ಚೊಂಬನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

“ನಮ್ಮ ಅತ್ತೆ ಚೊಂಬು,” ಎಂದರು.

ನಾನು ಡಬ್ಬಿಯಿಂದ ಆ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಸಾಲುಸಾಲಾಗಿ ಸೂಜಿಮೊನೆಯಷ್ಟು ಬೆಳಕು ತೂರಿಬಂತು. ಭಾವ ಕಣ್ಣು ಕಿರಿದು ಮಾಡಿ ನೋಡಿದರು.

“ಸುಟ್ಟೋಗ್ಬಿಟ್ಟದೆ,” ಎಂದರು.

“ನಿಜವಾಗಿ ಪಲ್ಸ್ ಬಿದ್ದ ತಾಮ್ರ ಇದೇ ಭಾವ.”

“ಅಲ್ಲ, ಬದಲಾಗ್ತದೆ ಅಂದ್ಯಲ್ಲ, ಅದು ಎಷ್ಟು ಹೊತ್ತು ಇರ್ತದೆ?”

ಹೇಳಿದೆ. ಸೆಕೆಂಡನ್ನು ಸಾವಿರ ಪಾಲು, ಮತ್ತೆ ಸಾವಿರ ಪಾಲು, ಐದು ಸಲ. ಭಾವ ಬೆರಳು ಮಡಿಸಿಕೊಳ್ಳುತ್ತ ಕೇಳಿದರು.

“ಇದನ್ನ ಮೊದ್ಲೇ ಯಾಕಮ್ಮ ಬರೀಲಿಲ್ಲ?”

“ಬರ್ದಿದ್ದೆ ಭಾವ. ಕತ್ತರಿಸಿ ಬಿಸಾಕಿದ್ರು. ಜನಕ್ಕೆ ಅರ್ಥ ಆಗಲ್ವಂತೆ.”

“ನಂಗೀಗ ಅರ್ಥ ಆಯ್ತಲ್ಲ?” ಎಂದರು ಭಾವ. ಆ ಮಾತಿನಲ್ಲಿದ್ದ ಸಿಟ್ಟು ನನ್ನ ಮೇಲಿನದಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಲಾಗಲಿಲ್ಲ.

ಆಗಲೇ ಗಾಡಿ ಮಾಡಿಕೊಂಡು ತರೀಕೆರೆಗೆ ಕರೆದೊಯ್ದೆವು. ಬಟ್ಟೆ ಬಿಚ್ಚಿದ ಡಾಕ್ಟರಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, “ಮನೇಲಿ ಇಷ್ಟು ಜನ ಇದ್ದೂ ಏನ್ ಮಾಡ್ತಿದ್ರಿ?” ಎಂದರು. ನಾನು ವಿಜ್ಞಾನಿ ಎಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಎರಡು ಬೆರಳು ತೆಗೆಯಬೇಕಾಯಿತು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಒಂದು ಮಾತಿನ ಬಾಲ ಕತ್ತರಿಸಿದ್ದಕ್ಕೆ ಒಬ್ಬ ಮನುಷ್ಯನ ಕಾಲಿನ ಎರಡು ಬೆರಳು! ಕತ್ತರಿಸಿದ ಮಹಾನುಭಾವನಿಗೆ ಆ ವರ್ಷ ಬಡ್ತಿಯೂ ಸಿಕ್ಕಿತು.

ಭಾವ ಕೋಲೂರಿಕೊಂಡು ಓಡಾಡುವ ಹೊತ್ತಿಗೆ ಚೊಂಬಿನವರು ತರೀಕೆರೆಯಲ್ಲಿ ಸಭೆ ಇಟ್ಟುಕೊಂಡ ಸುದ್ದಿ ಬಂತು. ಭಾವ ನನಗೆ ಫೋನ್ ಮಾಡಿದರು. “ನಾನು ಹೋಯ್ತೀನಿ. ಬೇಕಾದ್ರೆ ನೀನೂ ಬಾ. ಆದ್ರೆ ಬಾಯಿ ಬಿಡ್ಬೇಡ. ನೀನು ‘ಹೌದು, ಆದರೆ’ ಅಂತೀಯ, ಅವ್ನು ಚಪ್ಪಾಳೆ ಹೊಡೆಸ್ತಾನೆ.” ಸರಿ ಎಂದು ಹೋಗಿ ಅಕ್ಕನ ಪಕ್ಕ ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತೆ.

ಕೋಟಿನವನು ಅದೇ ಹರಟೆ ಮುಗಿಸಿ, ಚೊಂಬು ಬಳಸಿದವರು ಯಾರಾದರೂ ಅನುಭವ ಹೇಳಬಹುದು ಎಂದ. ಭಾವ ಕೋಲೂರಿ ಎದ್ದರು. ಅವನಿಗೆ ಗುರುತು ಸಿಕ್ಕಿ ಮುಖವರಳಿತು. ತಾನೇ ಮೈಕು ತಂದುಕೊಟ್ಟ.

“ನಾನು ಅಜ್ಜಂಪುರದ ಓಂಕಾರಪ್ಪ. ಮೋಟರ್ ವೈಂಡಿಂಗ್ ಅಂಗಡಿ ನಂದು. ಈ ಪಲ್ಸ್ ನೀರು ಕುಡಿದು ಮೈ ಹಗುರಾಯ್ತು ಅಂತ ಊರಿಗೆಲ್ಲ ಹೇಳಿದೋನು ನಾನೇ. ನನ್ನ ಮಾತು ಕೇಳಿ ಎಷ್ಟೋ ಜನ ತಗೊಂಡವ್ರೆ.” ಚಪ್ಪಾಳೆ ಬಿತ್ತು. ಭಾವ ಚೀಲದಿಂದ ಅಮ್ಮನ ಚೊಂಬು ತೆಗೆದು ಎತ್ತಿ ಹಿಡಿದರು. “ನಾನು ದಿನಾ ಕುಡಿದಿದ್ದು ಇದ್ರಲ್ಲಿ. ಇದು ನಮ್ಮ ಅತ್ತೆಯೋರ ಚೊಂಬು, ತಳದಲ್ಲಿ ಅವರ ಹೆಸ್ರು ಅದೆ, ನೋಡ್ಕೊಳ್ಳಿ. ಇವ್ರು ಕೊಟ್ಟಿದ್ದು ತಂದ ದಿನದಿಂದ ನಮ್ಮ ದೇವರಮನೇಲಿ ಕಳಶ ಆಗಿ ಕೂತಿತ್ತು, ನಂಗೆ ಗೊತ್ತೇ ಇರ್ಲಿಲ್ಲ. ಏನಪ್ಪಾ, ನಮ್ಮ ಅತ್ತೆ ಚೊಂಬಿಗೆ ಯಾವಾಗ ಹೊಡೆದಿದ್ರಿ ಪಲ್ಸು?”

ಹೆಂಗಸರ ಕಡೆಯಿಂದ ಯಾರೋ “ಅಯ್ಯೋ, ನಮ್ಮನೇಲೂ ದೇವರಮನೇಲೇ ಅದೆ ಕಣ್ರೀ!” ಎಂದರು. “ನಮ್ದೂನೂವೆ!” ಎಂದಿತು ಇನ್ನೊಂದು ದನಿ. ಗೊಳ್ಳೆಂದು ನಗು ಎದ್ದಿತು. ಗಂಡಸರು ತಿರುಗಿ ತಿರುಗಿ ತಂತಮ್ಮ ಹೆಂಡಿರನ್ನು ನೋಡತೊಡಗಿದರು. ಕೋಟಿನವನು “ನೋಡಿ, ಅದು ನಂಬಿಕೆಯ ವಿಷಯ...” ಎಂದು ಏನೋ ಶುರುಮಾಡಿದ. ಭಾವ ಮೈಕು ಬಿಡಲಿಲ್ಲ. ಬಗ್ಗಿ ಎಡಗಾಲಿನ ಚಪ್ಪಲಿ ಕಳಚಿ, ಪಾದವನ್ನು ಕುರ್ಚಿಯ ಮೇಲೆ ಇಟ್ಟರು.

“ಮಾತ್ರೆ ಬಿಟ್ಟಿದ್ದಕ್ಕೆ ಇದು. ಮಾತ್ರೆ ಬಿಟ್ಟೋರು ಇಲ್ಲಿ ಎಷ್ಟು ಜನ ಇದೀರೋ, ಇವತ್ತೇ ಡಾಕ್ಟ್ರತ್ರ ಹೋಗಿ.”

ನಗು ನಿಂತುಹೋಯಿತು. ಯಾರೂ ಮತ್ತೆ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ಭಾವನ ಕಾಲು ನೋಡಿ, ಚೊಂಬಿನ ತಳ ನೋಡಿ, ಹೊರಗೆ ಹೋದರು. ಆ ಸಾಲಿನಲ್ಲಿ ಬಂದ ಒಬ್ಬಾಕೆ ನನ್ನನ್ನು ಗುರುತು ಹಿಡಿದು, “ನೀವೇ ಅಲ್ವಾ ಆ ಫೋಟೋದೋರು?” ಎಂದು ಕೇಳಿದರು. ಹೌದು ಎಂದೆ. ‘ಆದರೆ’ ಎಂದು ಸೇರಿಸಲು ನನಗೆ ಬಾಯಿ ಬರಲಿಲ್ಲ.

ನನ್ನ ದೂರು ದಾಖಲಾಯಿತು, ಇನ್ನೂ ನಡೆಯುತ್ತಿದೆ. ಆ ಕೋಟಿನವನು ಈಗ ಬೇರೆ ಜಿಲ್ಲೆಯಲ್ಲಿ, ಬೇರೆ ಯಾರದೋ ಫೋಟೋ ಹಾಕಿಕೊಂಡು, ಬೇರೇನನ್ನೋ ಮಾರುತ್ತಿದ್ದಾನೆ ಎಂದು ಕೇಳಿದ್ದೇನೆ. ಇಂಥವರಿಗೆ ಸಾಮಾನು ಒದಗಿಸುವವರು ಯಾರು? ಶಿಕ್ಷಣವಿಲ್ಲದವರಲ್ಲ, ಹಳ್ಳಿಯವರಲ್ಲ. ಜನಕ್ಕೆ ಅರ್ಥವಾಗುವುದಿಲ್ಲ ಎಂದು ಎ.ಸಿ. ಕೋಣೆಯಲ್ಲಿ ಕೂತು ನಿಜದ ಬಾಲ ಕತ್ತರಿಸುವ ನಮ್ಮಂಥ ಸಂಸ್ಥೆಗಳವರೇ. ಪಲ್ಸ್ ಎಷ್ಟು ಜೋರು ಎನ್ನುವುದು ಎಷ್ಟು ಮುಖ್ಯವೋ ಅದರ ಪರಿಣಾಮ ಎಷ್ಟು ಹೊತ್ತು ಎನ್ನುವುದೂ ಅಷ್ಟೇ ಮುಖ್ಯ, ಎರಡನೆಯದನ್ನು ಬಿಟ್ಟರೆ ಮೊದಲನೆಯದು ಸುಳ್ಳಾಗುತ್ತದೆ ಎನ್ನುವುದು ನನ್ನ ಕಸುಬು ನನಗೆ ಕಲಿಸಬೇಕಿದ್ದ ಪಾಠ. ಅದನ್ನು ನಾನು ಕಲಿತದ್ದು ಸುರಂಗದ ಯಂತ್ರದ ಮುಂದೆ ಅಲ್ಲ, ಶಿವಮೊಗ್ಗದ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ.

ನಿವೃತ್ತಿಗೆ ಮುಂಚೆ ನನ್ನ ಕೊನೆಯ ಪ್ರಬಂಧ ಬಂದಾಗ ಪ್ರಚಾರ ವಿಭಾಗ ಮತ್ತೆ ನಾಲ್ಕು ಸಾಲು ಕೇಳಿತು. ಈ ಸಲ ವಾಕ್ಯವನ್ನು ಬಾಲದಿಂದಲೇ ಶುರುಮಾಡಿದೆ: “ಕ್ಷಣದ ಕೋಟಿ ಪಾಲಿಗಿಂತ ಕಡಿಮೆ ಹೊತ್ತು ಮಾತ್ರ, ಯಾವ ಪಾತ್ರೆಯಲ್ಲೂ ಯಾವ ಔಷಧಿಯಲ್ಲೂ ಉಳಿಯದಂತೆ, ಎಕ್ಸ್‌ರೇ ಪಲ್ಸ್ ಲೋಹದ ಎಲೆಕ್ಟ್ರಾನಿಕ್ ರಚನೆಯನ್ನು ಬದಲಿಸುತ್ತದೆ.” ಅಧಿಕಾರಿ ಫೋನ್ ಮಾಡಿ, “ಮೇಡಂ, ಇದನ್ನ ಎಲ್ಲಿ ಕತ್ತರಿಸೋದು?” ಎಂದ. ಕತ್ತರಿಸಿದರೆ ನಿನ್ನ ಕೋಣೆಗೇ ಬರುತ್ತೇನೆ ಎಂದೆ. ಹಾಗೇ ಅಚ್ಚಾಯಿತು.

ಅಚ್ಚಾದ ದಿನ ಬೆಳಿಗ್ಗೆ ಭಾವನ ಫೋನು. ಎಂದಿನಂತೆ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದರಂತೆ.

“ಎಷ್ಟು ಹೊತ್ತು ಅಂತ ಮೊದ್ಲೇ ಹಾಕಿದೀಯ.”

“ಹೂಂ ಭಾವ.”

“ಈಗ ಸರಿಯಾಯ್ತು ಕಣಮ್ಮ,” ಎಂದು ಭಾವ ಮೆಲ್ಲಗೆ ನಕ್ಕರು. “ಎರಡು ಬೆರಳು ತಡ ಆಯ್ತು, ಅಷ್ಟೆ.”